ಎಸೆಯುವ ಭುಜದ ನೋವು: ಸ್ಕ್ಯಾನ್ ವರದಿಗಿಂತ ಮೊದಲು ಎಸೆತಗಳ ಲೆಕ್ಕ

ಪ್ರಶ್ನೆ: ನನ್ನ ಮಗನಿಗೆ 15 ವರ್ಷ. ಎರಡು ವರ್ಷಗಳಿಂದ ಬೇಸ್‌ಬಾಲ್ ತಂಡವೊಂದರಲ್ಲಿ ಪಿಚರ್ ಆಗಿ, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವವನಾಗಿ, ಆಡುತ್ತಿದ್ದಾನೆ. ಶನಿವಾರ, ಭಾನುವಾರ ಬೆಳಿಗ್ಗೆ ಅದರ ಅಭ್ಯಾಸ. ವಾರದ ದಿನಗಳಲ್ಲಿ ಸಂಜೆ ಬಡಾವಣೆಯ ಹುಡುಗರ ಜೊತೆ ಕ್ರಿಕೆಟ್. ಒಂದು ತಿಂಗಳಿಂದ ಬಲ ಭುಜದ ಹಿಂಭಾಗದಲ್ಲಿ ನೋವಿದೆ. ಎಸೆಯಲು ಕೈಯನ್ನು ಹಿಂದಕ್ಕೆ ಎಳೆದಾಗ ನೋವು ಹೆಚ್ಚುತ್ತದೆ, ಚೆಂಡಿನ ವೇಗವೂ ಕಡಿಮೆಯಾಗಿದೆ ಎನ್ನುತ್ತಾನೆ. ಎಂಆರ್‌ಐ ಮಾಡಿಸಿದೆವು, ಸುಪ್ರಾಸ್ಪೈನೇಟಸ್ ಎಂಬ ಸ್ನಾಯುವಿನ ರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು) ಭಾಗಶಃ ಹರಿದಿದೆ ಎಂದು ವರದಿ ಬಂದಿದೆ. ಒಬ್ಬ ವೈದ್ಯರು ಕೀಹೋಲ್ ಶಸ್ತ್ರಚಿಕಿತ್ಸೆ ಬೇಕಾಗಬಹುದು ಎಂದರು. ತರಬೇತುದಾರರು ಹತ್ತು ದಿನ ವಿಶ್ರಾಂತಿ ಸಾಕು ಎನ್ನುತ್ತಾರೆ. ನಮ್ಮ ಅತ್ತೆಯವರು ಎಣ್ಣೆ ತಿಕ್ಕಿಸಿ ನರ ಎಳೆಸೋಣ ಎನ್ನುತ್ತಾರೆ. ಎರಡು ತಿಂಗಳಲ್ಲಿ ಪಂದ್ಯಾವಳಿ ಇದೆ. ಶಸ್ತ್ರಚಿಕಿತ್ಸೆ ಬೇಕೇ? ಮತ್ತೆ ಯಾವಾಗ ಎಸೆಯಬಹುದು? ಅಲ್ಲಿಯವರೆಗೆ ಬ್ಯಾಟರ್ ಹಿಂದೆ ಕುಳಿತು ಚೆಂಡು ಹಿಡಿಯುವ ಕ್ಯಾಚರ್ ಆಗಿಯಾದರೂ ಆಡಬಹುದೇ?
— ಒಬ್ಬ ತಾಯಿ, ರಾಜಾಜಿನಗರ, ಬೆಂಗಳೂರು

ಉತ್ತರ: ನಿಮ್ಮ ಮೊದಲ ಪ್ರಶ್ನೆಯ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಿಮ್ಮ ನಿದ್ದೆ ಕೆಡಿಸಿರುವುದು ಅದೇ ಎಂದು ಪತ್ರ ಓದಿದಾಗ ಅನಿಸಿತು. ನೀವು ವಿವರಿಸಿರುವ ಲಕ್ಷಣಗಳಿಗೆ, ಈ ವಯಸ್ಸಿನಲ್ಲಿ, ಒಂದೇ ತಿಂಗಳ ನೋವಿಗೆ ಶಸ್ತ್ರಚಿಕಿತ್ಸೆಯ ಮಾತು ಎತ್ತುವುದು ತೀರ ಆತುರವಾಗುತ್ತದೆ. ಹಾಗೆಂದು ಹತ್ತು ದಿನದ ವಿಶ್ರಾಂತಿಯೂ ಸಾಲದು. ಎರಡು ತಿಂಗಳ ನಂತರದ ಪಂದ್ಯಾವಳಿಯಲ್ಲಿ ಅವನು ಪಿಚರ್ ಆಗಿ ಇಳಿಯುತ್ತಾನೆ ಎಂಬ ಆಸೆಯನ್ನು ಈಗಲೇ ಬಿಡುವುದು ಒಳ್ಳೆಯದು. ಹುಡುಗನ ಭುಜವನ್ನು ಮುಟ್ಟಿ ಪರೀಕ್ಷಿಸದೆ ಇಂಥದ್ದೇ ತೊಂದರೆ ಎಂದು ಹೇಳಲು ಯಾರಿಗೂ ಆಗದು. ಆದ್ದರಿಂದ ಮುಂದೆ ಬರೆದಿರುವುದನ್ನು ನಿಮ್ಮ ವೈದ್ಯರ ಎದುರು ಕುಳಿತು ಏನೇನು ಕೇಳಬೇಕು ಎಂಬುದಕ್ಕೆ ಒಂದು ಸಿದ್ಧತೆ ಎಂದು ತೆಗೆದುಕೊಳ್ಳಿ.

ಶಾಲೆಯ ಕ್ರೀಡಾದಿನದಲ್ಲಿ ಬಾಯಲ್ಲಿ ಚಮಚ ಕಚ್ಚಿಕೊಂಡು, ಅದರ ಮೇಲೆ ನಿಂಬೆಹಣ್ಣು ಇಟ್ಟುಕೊಂಡು ಓಡುವ ಆಟವನ್ನು ನೀವೂ ಆಡಿರುತ್ತೀರಿ. ಭುಜದ ಕೀಲು ಬಹುಮಟ್ಟಿಗೆ ಹಾಗೆಯೇ ಇದೆ. ತೋಳಿನ ಮೂಳೆಯ ಗುಂಡನೆಯ ತಲೆ ನಿಂಬೆಹಣ್ಣಾದರೆ, ಹೆಗಲ ಹಿಂದಿನ ರೆಕ್ಕೆಮೂಳೆಯ ತುದಿಯಲ್ಲಿರುವ ಆಳವಿಲ್ಲದ ಕುಳಿ ಚಮಚ. ಯಾವುದೇ ಕ್ಷಣದಲ್ಲಿ ಆ ತಲೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಆ ಕುಳಿಗೆ ತಾಗಿರುವುದಿಲ್ಲ. ಸೊಂಟದ ಕೀಲಿನಂತೆ ಇಲ್ಲಿ ಮೂಳೆಯೇ ಮೂಳೆಯನ್ನು ಹಿಡಿದುಕೊಂಡಿಲ್ಲ. ಕೈಯನ್ನು ಎಲ್ಲ ದಿಕ್ಕಿಗೂ ಬೀಸುವ ಸ್ವಾತಂತ್ರ್ಯಕ್ಕಾಗಿ ದೇಹವು ಭದ್ರತೆಯನ್ನು ಬಿಟ್ಟುಕೊಟ್ಟಿದೆ. ಕುಳಿಯ ಅಂಚಿಗೆ ಲೇಬ್ರಮ್ ಎಂಬ ಮೆತ್ತನೆಯ ಏಣು ಇದ್ದು ಅದನ್ನು ಸ್ವಲ್ಪ ಆಳಗೊಳಿಸುತ್ತದೆ. ಉಳಿದ ಹೊಣೆಯನ್ನು ನಾಲ್ಕು ಸಣ್ಣ ಸ್ನಾಯುಗಳು ಹೊತ್ತಿವೆ: ಮೇಲೆ ಸುಪ್ರಾಸ್ಪೈನೇಟಸ್, ಹಿಂದೆ ಇನ್‌ಫ್ರಾಸ್ಪೈನೇಟಸ್ ಮತ್ತು ಟೆರೆಸ್ ಮೈನರ್, ಮುಂದೆ ಸಬ್‌ಸ್ಕ್ಯಾಪುಲಾರಿಸ್. ಇವು ನಾಲ್ಕರ ರಜ್ಜುಗಳು ಸೇರಿ ತೋಳಿನ ಮೂಳೆಯ ತಲೆಗೆ ಪಟ್ಟಿಯಂತೆ ಸುತ್ತಿಕೊಂಡಿರುವುದನ್ನೇ ರೊಟೇಟರ್ ಕಫ್ ಎನ್ನುತ್ತಾರೆ. ಚೆಂಡಿಗೆ ವೇಗ ಕೊಡುವುದು ಇವುಗಳ ಮುಖ್ಯ ಕೆಲಸವಲ್ಲ; ನಿಂಬೆಹಣ್ಣು ಚಮಚದಿಂದ ಉರುಳದಂತೆ ನೋಡಿಕೊಳ್ಳುವುದೇ ಇವುಗಳ ಕೆಲಸ.

ಈಗ ಎಸೆತದ ವಿಷಯ. ಪಿಚರ್ ನಿಲ್ಲುವ ದಿಬ್ಬದಿಂದ ಬ್ಯಾಟರ್‌ನ ಮುಂದಿನ ಹೋಮ್ ಪ್ಲೇಟ್‌ಗೆ 60 ಅಡಿ 6 ಅಂಗುಲ, ಅಂದರೆ 18.44 ಮೀಟರ್. ಅಷ್ಟು ದೂರಕ್ಕೆ 142 ರಿಂದ 149 ಗ್ರಾಂ ತೂಕದ ಚೆಂಡನ್ನು ವೇಗವಾಗಿ ಕಳಿಸಲು ಪಿಚರ್ ಮೊದಲು ಮುಂಗೈಯನ್ನು ಎಷ್ಟು ಹಿಂದಕ್ಕೆ ಮಲಗಿಸುತ್ತಾನೆಂದರೆ, ಅದು ಬಹುತೇಕ ನೆಲಕ್ಕೆ ಸಮಾನಾಂತರವಾಗಿ ಬೆನ್ನ ಹಿಂದಕ್ಕೆ ಚಾಚಿಕೊಳ್ಳುತ್ತದೆ. ಅಲ್ಲಿಂದ ತೋಳು ಮುಂದಕ್ಕೆ ತಿರುಗುವ ವೇಗವನ್ನು ವೃತ್ತಿಪರ ಪಿಚರ್‌ಗಳಲ್ಲಿ ಅಳೆದಾಗ ಸೆಕೆಂಡಿಗೆ ಸುಮಾರು 7000 ಡಿಗ್ರಿ ಎಂದು ತಿಳಿದುಬಂದಿದೆ. ಅದೇ ವೇಗದಲ್ಲಿ ತೋಳು ತಿರುಗುತ್ತಲೇ ಇದ್ದರೆ ಒಂದು ಸೆಕೆಂಡಿನಲ್ಲಿ ಹತ್ತೊಂಬತ್ತು ಸುತ್ತು ಬರುತ್ತಿತ್ತು. ಮನುಷ್ಯ ದೇಹದಲ್ಲಿ ದಾಖಲಾಗಿರುವ ಅತಿ ವೇಗದ ಚಲನೆಗಳಲ್ಲಿ ಇದೂ ಒಂದು. ಆದರೆ ಭುಜಕ್ಕೆ ಕಷ್ಟ ಕೊಡುವುದು ವೇಗ ಹಿಡಿಯುವುದಕ್ಕಿಂತ ಹೆಚ್ಚಾಗಿ, ಚೆಂಡು ಕೈಬಿಟ್ಟ ಮೇಲೆ ಅದೇ ತೋಳನ್ನು ಕಣ್ಣು ಮಿಟುಕಿಸುವುದರೊಳಗೆ ನಿಲ್ಲಿಸುವುದು. ಚೆಂಡು ಹೋಯಿತು, ತೋಳೂ ಅದರ ಹಿಂದೆಯೇ ಹೋಗಲು ನೋಡುತ್ತದೆ. ಕೀಲಿನಿಂದ ಅದನ್ನು ಹೊರಕ್ಕೆ ಎಳೆಯುವ ಬಲ, ಬೆಳೆದ ಆಟಗಾರರಲ್ಲಿ, ಅವರ ದೇಹದ ತೂಕಕ್ಕೆ ಹತ್ತಿರವಾಗಿರುತ್ತದೆ. ಆ ಎಳೆತಕ್ಕೆ ಬ್ರೇಕ್ ಹಾಕುವುದು ಮುಖ್ಯವಾಗಿ ಹಿಂಭಾಗದ ಆ ಎರಡು ಸಣ್ಣ ಸ್ನಾಯುಗಳು ಮತ್ತು ಅವುಗಳ ರಜ್ಜುಗಳು. ಎಳೆಯಲ್ಪಡುತ್ತಲೇ ಬಿಗಿಹಿಡಿಯಬೇಕಾದ ಈ ಬಗೆಯ ಕೆಲಸದಲ್ಲೇ ಸ್ನಾಯುಗಳು ಹೆಚ್ಚು ನೋಯುತ್ತವೆ.

ಇನ್ನೊಂದು ಪೆಟ್ಟು ಕೈಯನ್ನು ಪೂರ್ತಿ ಹಿಂದಕ್ಕೆ ಮಲಗಿಸಿದಾಗ ಬೀಳುತ್ತದೆ. ಆ ಭಂಗಿಯಲ್ಲಿ ಸುಪ್ರಾಸ್ಪೈನೇಟಸ್ ಮತ್ತು ಇನ್‌ಫ್ರಾಸ್ಪೈನೇಟಸ್ ರಜ್ಜುಗಳ ಒಳಮೈ, ತೋಳಿನ ಮೂಳೆ ಹಾಗೂ ಕುಳಿಯ ಹಿಂದಿನ ಮೇಲಂಚಿನ ನಡುವೆ ಸಿಕ್ಕಿ ಅಮುಕಿಕೊಳ್ಳುತ್ತದೆ. ಎಲ್ಲ ಎಸೆತಗಾರರಲ್ಲೂ ಸ್ವಲ್ಪ ಮಟ್ಟಿಗೆ ಇದು ನಡೆಯುವಂಥದ್ದೇ. ಸ್ನಾಯುಗಳು ದಣಿದು, ತೋಳಿನ ತಲೆ ತನ್ನ ಜಾಗದಲ್ಲಿ ನಿಲ್ಲದೆ ಸರಿದಾಗ ಮಾತ್ರ ಆ ಅಮುಕು ನೋವಾಗುತ್ತದೆ, ನಾರುಗಳು ಬಿರಿಯುತ್ತವೆ. ಭುಜದ ಹಿಂದೆ ನೋವು, ಕೈ ಹಿಂದಕ್ಕೆ ಎಳೆದಾಗ ಹೆಚ್ಚು, ಜೊತೆಗೆ ವೇಗ ಕಡಿಮೆ ಎಂಬ ನಿಮ್ಮ ಮಗನ ಮಾತುಗಳು ಈ ಚಿತ್ರಕ್ಕೆ ಹೊಂದುತ್ತವೆ. ವೇಗ ಕಡಿಮೆಯಾಗಿದೆ ಎಂಬುದನ್ನು ಹುಡುಗ ತಾನಾಗಿ ಹೇಳಿದ್ದಾನೆ ಎಂಬುದಕ್ಕೆ ನಾನು ಹೆಚ್ಚಿನ ಬೆಲೆ ಕೊಡುತ್ತೇನೆ; ನೋವನ್ನು ಮುಚ್ಚಿಡುವ ಹುಡುಗರಿಗೂ ವೇಗ ಕಡಿಮೆಯಾದುದನ್ನು ಮುಚ್ಚಿಡಲು ಆಗುವುದಿಲ್ಲ.

ಹಾಗಾದರೆ ಎಂಆರ್‌ಐ ವರದಿಯಲ್ಲಿ ಕಂಡ ಸೀಳು ಏನು ಎಂದು ನೀವು ಕೇಳಬಹುದು. ಯಾವ ನೋವೂ ಇಲ್ಲದ, ಉನ್ನತ ಮಟ್ಟದಲ್ಲಿ ಆಡುತ್ತಿದ್ದ 20 ಮಂದಿ ಎಸೆತದ ಆಟಗಾರರ ಎರಡೂ ಭುಜಗಳನ್ನು ಎಂಆರ್‌ಐ ಮಾಡಿ ನೋಡಿದ ಒಂದು ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಅವರಲ್ಲಿ 8 ಮಂದಿಗೆ, ಅಂದರೆ ಶೇಕಡಾ 40 ಮಂದಿಗೆ, ಆಡುವ ಕೈಯ ರೊಟೇಟರ್ ಕಫ್‌ನಲ್ಲಿ ಭಾಗಶಃ ಅಥವಾ ಪೂರ್ಣ ಸೀಳಿನ ಗುರುತುಗಳಿದ್ದವು. ಇನ್ನೊಂದು ಕೈಯಲ್ಲಿ ಒಬ್ಬರಿಗೂ ಇರಲಿಲ್ಲ. ಐದು ವರ್ಷಗಳ ನಂತರ ವಿಚಾರಿಸಿದಾಗಲೂ ಅವರಿಗೆ ಆ ಭುಜದಿಂದ ತೊಂದರೆ ಬಂದಿರಲಿಲ್ಲ. ಎಸೆಯುವವರ ಭುಜದಲ್ಲಿ ಎಸೆತದ ಗುರುತು ಇರುತ್ತದೆ, ಬೆರಳಚ್ಚುಗಾರರ ಬೆರಳ ತುದಿ ಗಟ್ಟಿಯಾಗುವ ಹಾಗೆ. ವರದಿಯಲ್ಲಿ ಸೀಳು ಎಂದಿದೆಯೇ ಎಂಬುದಕ್ಕಿಂತ, ಆ ಸೀಳೇ ಈ ನೋವಿಗೆ ಕಾರಣವೇ ಎಂಬುದು ಮುಖ್ಯ ಪ್ರಶ್ನೆ. ಅದಕ್ಕೆ ಉತ್ತರ ಕೊಡುವುದು ಕೈಯಿಂದ ಮಾಡುವ ಪರೀಕ್ಷೆ, ಸ್ಕ್ಯಾನ್ ಅಲ್ಲ. ನಮ್ಮ ನಗರದಲ್ಲಿ ಮಾತ್ರ ಈ ಕ್ರಮ ತಲೆಕೆಳಗಾಗಿದೆ: ರಸ್ತೆಗೊಂದು ಸ್ಕ್ಯಾನ್ ಕೇಂದ್ರ ಇರುವುದರಿಂದ, ಅಂಗಿ ಬಿಚ್ಚಿಸಿ ರೆಕ್ಕೆಮೂಳೆ ಹೇಗೆ ಓಡಾಡುತ್ತದೆ ಎಂದು ಒಮ್ಮೆಯೂ ನೋಡದ ಹುಡುಗರು ಫಿಲ್ಮ್ ಕವರ್ ಹಿಡಿದು ನನ್ನ ಬಳಿ ಬರುತ್ತಾರೆ.

ಎಕ್ಸ್‌ರೇ ಮಾಡಿಸಿದ ಬಗ್ಗೆ ನಿಮ್ಮ ಪತ್ರದಲ್ಲಿ ಒಂದು ಮಾತೂ ಇಲ್ಲ, ಮತ್ತು ನನ್ನ ಮುಖ್ಯ ಆತಂಕ ಇರುವುದು ಇಲ್ಲಿಯೇ. ತೋಳಿನ ಮೂಳೆ ಉದ್ದವಾಗುವುದರಲ್ಲಿ ಸುಮಾರು ಶೇಕಡಾ 80 ಭಾಗ ಭುಜದ ಹತ್ತಿರದ ಬೆಳವಣಿಗೆಯ ಪಟ್ಟಿಯಿಂದ, ಅಂದರೆ ಗ್ರೋತ್ ಪ್ಲೇಟ್‌ನಿಂದ ಆಗುತ್ತದೆ. ಹುಡುಗರಲ್ಲಿ ಅದು 15ನೆಯ ವಯಸ್ಸಿಗೆ ಸಾಮಾನ್ಯವಾಗಿ ಇನ್ನೂ ಕೂಡಿಕೊಂಡಿರುವುದಿಲ್ಲ. ಈ ಪಟ್ಟಿ ಮೃದ್ವಸ್ಥಿಯದು. ಮಕ್ಕಳಲ್ಲಿ ರಜ್ಜು ಮತ್ತು ಸ್ನಾಯುಗಳಿಗಿಂತ ಅದೇ ದುರ್ಬಲವಾದ ಕೊಂಡಿ. ಪ್ರತಿ ಎಸೆತದ ತಿರುಚು ಅದರ ಮೇಲೆ ಬಿದ್ದು ಬಿದ್ದು ಪಟ್ಟಿ ಅಗಲವಾಗುತ್ತದೆ. ಬೇಸ್‌ಬಾಲ್ ಹೆಚ್ಚಾಗಿ ಆಡುವ ಅಮೆರಿಕದಲ್ಲಿ ಇದಕ್ಕೆ, ಅಲ್ಲಿನ ಮಕ್ಕಳ ಬೇಸ್‌ಬಾಲ್ ಲೀಗ್‌ನ ಹೆಸರಿನಿಂದ, ಲಿಟಲ್ ಲೀಗ್ ಭುಜ ಎಂಬ ಹೆಸರೇ ಇದೆ, ಮತ್ತು 11 ರಿಂದ 16 ವರ್ಷದ ಪಿಚರ್‌ಗಳಲ್ಲಿ ಇದು ಚೆನ್ನಾಗಿ ಪರಿಚಿತವಾದ ತೊಂದರೆ. ಸಾಮಾನ್ಯವಾಗಿ ನೋವು ತೋಳಿನ ಮೇಲ್ಭಾಗದ ಹೊರಮೈಯಲ್ಲಿರುತ್ತದೆ, ಅಲ್ಲಿ ಬೆರಳಿನಿಂದ ಒತ್ತಿದರೆ ಹುಡುಗ ಮುಖ ಕಿವುಚುತ್ತಾನೆ; ಆದರೆ ಕೆಲವರು ಅದನ್ನು ಹಿಂಭಾಗದ ನೋವು ಎಂದೇ ಹೇಳುತ್ತಾರೆ. ಎರಡೂ ಭುಜಗಳ ಎಕ್ಸ್‌ರೇ ತೆಗೆಸಿ ಪಕ್ಕದಲ್ಲಿಟ್ಟು ಹೋಲಿಸಿದರೆ ಪಟ್ಟಿ ಅಗಲವಾಗಿದೆಯೇ ಎಂಬುದು ತಿಳಿಯುತ್ತದೆ. ಎಂಆರ್‌ಐಗೆ ಕೊಟ್ಟ ಹಣದ ಸಣ್ಣ ಪಾಲಿನಲ್ಲಿ ಆಗುವ ಕೆಲಸ ಇದು. ಖಾಸಗಿಯಾಗಿ ಮತ್ತೆ ಖರ್ಚು ಮಾಡಲು ಮನಸ್ಸಿಲ್ಲದಿದ್ದರೆ ಜಯನಗರದ ಸಂಜಯ ಗಾಂಧಿ ಸಂಸ್ಥೆಯಂಥ ಸರ್ಕಾರಿ ಮೂಳೆ ಆಸ್ಪತ್ರೆಯಲ್ಲೂ ಮಾಡಿಸಬಹುದು. ಪಟ್ಟಿ ಅಗಲವಾಗಿರುವುದು ಕಂಡರೆ ಚರ್ಚೆಗೆ ಜಾಗವಿಲ್ಲ: ಸುಮಾರು ಮೂರು ತಿಂಗಳು ಎಸೆಯುವುದು ಪೂರ್ತಿ ಬಂದ್. ವಿಶ್ರಾಂತಿ ಕೊಟ್ಟರೆ ಬಹುತೇಕ ಎಲ್ಲರಿಗೂ ಅದು ವಾಸಿಯಾಗುತ್ತದೆ. ಕೊಡದೆ ಆಡಿಸಿದರೆ ಬೆಳವಣಿಗೆಗೆ ಪೆಟ್ಟು ಬೀಳುವ ಅಪಾಯವಿದೆ.

ಅತ್ತೆಯವರ ಸಲಹೆಯ ಬಗ್ಗೆಯೂ ಇಲ್ಲಿಯೇ ಹೇಳುವುದು ಸೂಕ್ತ. ಉಗುರುಬೆಚ್ಚಗಿನ ಎಣ್ಣೆ ಹಚ್ಚಿ ಮೆಲ್ಲಗೆ ನೀವುವುದರಿಂದ ಹುಡುಗನಿಗೆ ಹಿತವೆನಿಸಿದರೆ ನನ್ನದೇನೂ ತಕರಾರಿಲ್ಲ. ಆದರೆ ಕೈಯನ್ನು ಜಗ್ಗಿ, ತಿರುಚಿ ನರ ಎಳೆಯುವುದನ್ನು ಖಂಡಿತ ಮಾಡಿಸಬೇಡಿ. ಬೆಳವಣಿಗೆಯ ಪಟ್ಟಿ ಸಡಿಲವಾಗಿರುವ ಮೂಳೆಗೆ ಬೇಕಿಲ್ಲದ ತಿರುಚು ಅದೇ.

ಈಗ, ಮೂರು ಜನರ ಮೂರು ಸಲಹೆಗಳಲ್ಲೂ ಯಾರೂ ಕೇಳದೇ ಬಿಟ್ಟ ಪ್ರಶ್ನೆಗೆ ಬರುತ್ತೇನೆ: ಹುಡುಗ ವಾರಕ್ಕೆ ಎಷ್ಟು ಬಾರಿ ಎಸೆಯುತ್ತಾನೆ? ಶಸ್ತ್ರಚಿಕಿತ್ಸೆಯವರೆಗೆ ಹೋದ 95 ಮಂದಿ ಹದಿಹರೆಯದ ಪಿಚರ್‌ಗಳನ್ನು, ಏನೂ ಆಗದ 45 ಮಂದಿಯೊಂದಿಗೆ ಹೋಲಿಸಿದ ಅಮೆರಿಕದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಕೈ ದಣಿದಿದ್ದರೂ ಎಸೆಯುವುದನ್ನು ರೂಢಿ ಮಾಡಿಕೊಂಡಿದ್ದವರು ಶಸ್ತ್ರಚಿಕಿತ್ಸೆಗೆ ಒಳಗಾಗುವ ಸಂಭವ 36 ಪಟ್ಟು ಹೆಚ್ಚಿತ್ತು. ವರ್ಷಕ್ಕೆ ಎಂಟು ತಿಂಗಳಿಗಿಂತ ಹೆಚ್ಚು ಕಾಲ ಸ್ಪರ್ಧೆಯಲ್ಲಿ ಎಸೆಯುವವರಿಗೆ ಅದು 5 ಪಟ್ಟು, ಪಂದ್ಯವೊಂದಕ್ಕೆ 80ಕ್ಕಿಂತ ಹೆಚ್ಚು ಪಿಚ್ (ಬ್ಯಾಟರ್‌ಗೆ ಹಾಕುವ ಎಸೆತ) ಎಸೆಯುವವರಿಗೆ 4 ಪಟ್ಟು. ಸಣ್ಣ ಸಮೂಹದ ಮೇಲಿನ ಅಧ್ಯಯನವಾದ್ದರಿಂದ ಆ 36 ಎಂಬ ಸಂಖ್ಯೆಯನ್ನು ಅಕ್ಷರಶಃ ಹಿಡಿದುಕೊಳ್ಳಬೇಕಿಲ್ಲ. ಆದರೆ ದಣಿವಿನ ಅಪಾಯ ಉಳಿದೆಲ್ಲಕ್ಕಿಂತ ಅಷ್ಟು ಎತ್ತರದಲ್ಲಿ ನಿಂತಿರುವುದು ಆಕಸ್ಮಿಕವಲ್ಲ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಮೇಲೆ ಹೇಳಿದ ಯಂತ್ರದಲ್ಲಿ ಮೊದಲು ಕೈಕೊಡುವುದು ಬ್ರೇಕ್ ಹಾಕುವ ಸಣ್ಣ ಸ್ನಾಯುಗಳೇ.

ಈ ಬಗೆಯ ಅಧ್ಯಯನಗಳ ಆಧಾರದ ಮೇಲೆ ಅಮೆರಿಕದ ವೃತ್ತಿಪರ ಲೀಗ್ ಆದ ಮೇಜರ್ ಲೀಗ್ ಬೇಸ್‌ಬಾಲ್ ಮತ್ತು ಆ ದೇಶದ ಬೇಸ್‌ಬಾಲ್ ಆಡಳಿತ ಸಂಸ್ಥೆಯಾದ ಯುಎಸ್‌ಎ ಬೇಸ್‌ಬಾಲ್ ಸೇರಿ 2014ರಲ್ಲಿ ಪಿಚ್ ಸ್ಮಾರ್ಟ್ ಎಂಬ ಮಾರ್ಗಸೂಚಿಯನ್ನು ಹೊರತಂದವು. ಅದರಂತೆ 15-16 ವಯಸ್ಸಿನ ಪಿಚರ್ ಒಂದು ದಿನಕ್ಕೆ ಗರಿಷ್ಠ 95 ಪಿಚ್ ಎಸೆಯಬಹುದು. 30ರವರೆಗೆ ಎಸೆದರೆ ಮರುದಿನವೂ ಎಸೆಯಬಹುದು. 31 ರಿಂದ 45 ಆದರೆ ಒಂದು ದಿನ, 46 ರಿಂದ 60 ಆದರೆ ಎರಡು ದಿನ, 61 ರಿಂದ 75 ಆದರೆ ಮೂರು ದಿನ, 76 ದಾಟಿದರೆ ನಾಲ್ಕು ದಿನ ಬಿಡುವು. ವರ್ಷದಲ್ಲಿ ನಾಲ್ಕು ತಿಂಗಳು ಪಿಚಿಂಗ್‌ಗೆ ರಜೆ, ಅದರಲ್ಲಿ ಕನಿಷ್ಠ ಎರಡು ಮೂರು ತಿಂಗಳು ಒಂದೇ ಸಮನೆ, ಆಗ ಕೈ ಎತ್ತಿ ಎಸೆಯುವ ಬೇರಾವ ಆಟವೂ ಇಲ್ಲ. ಈ ಲೆಕ್ಕವನ್ನು ನಿಮ್ಮ ಮಗನ ವಾರಕ್ಕೆ ಹಚ್ಚಿ ನೋಡಿ. ಶನಿವಾರದ ಪಿಚಿಂಗ್ ಅಭ್ಯಾಸದಲ್ಲಿ 80 ಎಸೆದಿದ್ದರೆ ಮುಂದಿನ ಪಿಚ್ ಗುರುವಾರ. ಆದರೆ ಅವನು ಭಾನುವಾರ ಬೆಳಿಗ್ಗೆಯೇ ದಿಬ್ಬದ ಮೇಲಿರುತ್ತಾನೆ, ಸೋಮವಾರ ಸಂಜೆ ಕ್ರಿಕೆಟ್ ಅಂಗಳದಲ್ಲಿ.

ಕ್ರಿಕೆಟ್ ಬೇರೆ, ಬೇಸ್‌ಬಾಲ್ ಬೇರೆ ಎಂಬುದು ಮನೆಯವರ ಎಣಿಕೆ. ಭುಜಕ್ಕೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ. ಮೊಣಕೈ ನೇರವಿಟ್ಟು ಬೌಲ್ ಮಾಡುವುದು ಪಿಚಿಂಗ್‌ಗಿಂತ ಬೇರೆ ಚಲನೆ, ಅದರ ಭಾರ ಸೊಂಟದ ಮೇಲೆ ಹೆಚ್ಚು ಬೀಳುತ್ತದೆ, ನಿಜ. ಆದರೂ ಭುಜಕ್ಕೆ ವಿನಾಯಿತಿ ಏನೂ ಇಲ್ಲ. ನಮ್ಮ ಮೈಸೂರಿನ ಜಾವಗಲ್ ಶ್ರೀನಾಥ್ 1997ರಲ್ಲಿ ರೊಟೇಟರ್ ಕಫ್ ಗಾಯಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ತಿಂಗಳುಗಟ್ಟಲೆ ಹೊರಗುಳಿಯಬೇಕಾಯಿತು. ಅವರು ಮರಳಿ ಬಂದು 2003ರ ವಿಶ್ವಕಪ್‌ವರೆಗೂ ಆಡಿದರು ಎಂಬುದೂ ಇಲ್ಲಿ ನೆನೆಯತಕ್ಕ ಮಾತು. ಇನ್ನು ಬೌಂಡರಿಯಿಂದ ವಿಕೆಟ್ ಕೀಪರ್‌ಗೆ ಹೊಡೆಯುವ ಥ್ರೋ ಅಂತೂ ಸಂಪೂರ್ಣ ಎಸೆತವೇ, ಅದೂ 155.9 ರಿಂದ 163 ಗ್ರಾಂ ತೂಗುವ, ಬೇಸ್‌ಬಾಲ್‌ಗಿಂತ ಭಾರವಾದ ಚೆಂಡಿನಿಂದ. ಭುಜ ಬಿಸಿಯಾಗಿಲ್ಲದೆ, ಒಮ್ಮೆಲೇ, ರನ್ ಔಟ್‌ನ ಆವೇಶದಲ್ಲಿ ಹೊಡೆಯುವ ಥ್ರೋ ಅದು. ಆದ್ದರಿಂದ ಕಳೆದ ನಾಲ್ಕು ವಾರಗಳಲ್ಲಿ ಅವನು ಯಾವ ದಿನ ಯಾವ ಆಟದಲ್ಲಿ ಅಂದಾಜು ಎಷ್ಟು ಎಸೆದ ಎಂಬುದನ್ನು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಹಾಳೆಯಲ್ಲಿ ಬರೆಯಿರಿ. ಆ ಹಾಳೆ ನನ್ನ ಕೈಗೆ ಬಂದರೆ ಎಂಆರ್‌ಐ ಫಿಲ್ಮ್‌ಗಿಂತ ಮೊದಲು ಅದನ್ನೇ ಓದುತ್ತೇನೆ.

ಪರೀಕ್ಷೆಯಲ್ಲಿ ವೈದ್ಯರು ಅಥವಾ ಫಿಸಿಯೊಥೆರಪಿಸ್ಟ್ ಏನೇನು ನೋಡಬೇಕು ಎಂಬುದು ನಿಮಗೂ ತಿಳಿದಿರಲಿ. ಮಲಗಿಸಿ, ಎರಡೂ ತೋಳುಗಳು ಒಳಕ್ಕೆ ಮತ್ತು ಹೊರಕ್ಕೆ ಎಷ್ಟೆಷ್ಟು ತಿರುಗುತ್ತವೆ ಎಂದು ಅಳೆಯಬೇಕು. ಚಿಕ್ಕಂದಿನಿಂದ ಎಸೆಯುವವರಲ್ಲಿ ತೋಳಿನ ಮೂಳೆಯೇ ತುಸು ತಿರುಚಿಕೊಂಡು ಬೆಳೆಯುವುದರಿಂದ, ಎಸೆಯುವ ಕೈ ಹೊರಕ್ಕೆ ಹೆಚ್ಚು, ಒಳಕ್ಕೆ ಕಡಿಮೆ ತಿರುಗುತ್ತದೆ. ಅದು ರೋಗವಲ್ಲ, ಆಟಕ್ಕೆ ದೇಹ ಒಗ್ಗಿಕೊಂಡ ಬಗೆ. ಎರಡನ್ನೂ ಕೂಡಿಸಿದ ಒಟ್ಟು ಅಳತೆ ಇನ್ನೊಂದು ಕೈಗಿಂತ 5 ಡಿಗ್ರಿಗೂ ಮೀರಿ ಕಡಿಮೆಯಾಗಿದ್ದರೆ ಮಾತ್ರ ಭುಜದ ಹಿಂಭಾಗ ಬಿಗಿದಿದೆ ಎಂದು ತಿಳಿಯಬೇಕು. ನಂತರ ಶಕ್ತಿ: ತೋಳನ್ನು ಹೊರಕ್ಕೆ ತಿರುಗಿಸುವ ಬಲ, ಒಳಕ್ಕೆ ತಿರುಗಿಸುವ ಬಲದ ಮೂರನೇ ಎರಡು ಭಾಗಕ್ಕಿಂತ ಕಡಿಮೆ ಇರಬಾರದು. ಹುಡುಗರು ಜಿಮ್‌ಗೆ ಹೋಗಿ ಎದೆಯನ್ನು ಮಾತ್ರ ಬೆಳೆಸಿಕೊಂಡಾಗ ಕೆಡುವುದು ಈ ಲೆಕ್ಕವೇ. ಕೈ ಎತ್ತಿ ಇಳಿಸುವಾಗ ರೆಕ್ಕೆಮೂಳೆ ಬೆನ್ನಿನಿಂದ ಎದ್ದು ನಿಲ್ಲುತ್ತದೆಯೇ ಎಂದು ಹಿಂದಿನಿಂದ ನೋಡಬೇಕು. ಕೊನೆಗೆ ಒಂಟಿ ಕಾಲಿನಲ್ಲಿ ನಿಂತು ಅರ್ಧ ಕುಳಿತು ಏಳಲು ಹೇಳಬೇಕು. ಭುಜದ ನೋವಿಗೆ ಕಾಲೇಕೆ ಎನ್ನಬೇಡಿ. ಚಾಟಿ ಬೀಸಿದಾಗ ಸದ್ದು ಬರುವುದು ತುದಿಯಲ್ಲಿ, ಬಲ ಹುಟ್ಟುವುದು ಹಿಡಿಯಲ್ಲಿ. ಎಸೆತದ ಬಲದಲ್ಲೂ ಹೆಚ್ಚುಕಡಿಮೆ ಅರ್ಧ ಕಾಲು ಮತ್ತು ನಡುವಿನಿಂದಲೇ ಬರುತ್ತದೆ. ಸೊಂಟ ತಿರುಗದ ಹುಡುಗ ಆ ಕೊರತೆಯನ್ನು ಭುಜದಿಂದ ತುಂಬಿಸುತ್ತಾನೆ.

ಎಕ್ಸ್‌ರೇಯಲ್ಲಿ ಬೆಳವಣಿಗೆಯ ಪಟ್ಟಿ ಸರಿಯಾಗಿದೆ ಎಂದುಕೊಳ್ಳೋಣ. ಆಗಲೂ ಮೊದಲ ಆರು ವಾರ ಯಾವ ಚೆಂಡನ್ನೂ ಎಸೆಯಬಾರದು, ಲಗೋರಿಯಾಟದ ಚೆಂಡನ್ನು ಕೂಡ. ವಿಶ್ರಾಂತಿ ಎಂದರೆ ಸೋಫಾದ ಮೇಲೆ ಮಲಗುವುದಲ್ಲ. ಪಕ್ಕಕ್ಕೆ ಮಲಗಿ, ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು, ಕೈಯಲ್ಲಿ ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು ಮುಂಗೈಯನ್ನು ಮೇಲಕ್ಕೆ ಎತ್ತಿ ನಿಧಾನವಾಗಿ ಇಳಿಸುವ ವ್ಯಾಯಾಮ ನೋಡಲು ತೀರ ಸಾದಾ. ಆದರೆ ಆ ಹಿಂಭಾಗದ ಎರಡು ಸ್ನಾಯುಗಳನ್ನು ಅದರಷ್ಟು ಚೆನ್ನಾಗಿ ದುಡಿಸುವ ವ್ಯಾಯಾಮಗಳು ಕಡಿಮೆ, ಮತ್ತು ನಿಧಾನವಾಗಿ ಇಳಿಸುವುದರಲ್ಲೇ ಅದರ ಸತ್ವವಿದೆ. ಬೋರಲು ಮಲಗಿ ತೋಳನ್ನು ಪಕ್ಕಕ್ಕೆ ಎತ್ತುವುದು, ಗೋಡೆಗೆ ಅಥವಾ ನೆಲಕ್ಕೆ ಕೈ ಊರಿ ದಂಡ ಹೊಡೆದು ಕೊನೆಯಲ್ಲಿ ಬೆನ್ನನ್ನು ಇನ್ನಷ್ಟು ಮೇಲಕ್ಕೆ ತಳ್ಳುವುದು, ಇವು ರೆಕ್ಕೆಮೂಳೆಯನ್ನು ಹಿಡಿದಿಡುವ ಸ್ನಾಯುಗಳಿಗೆ. ಹಿಂಭಾಗ ಬಿಗಿದಿದ್ದರೆ, ಎಸೆಯುವ ಕೈಯನ್ನು ಎದೆಯ ಮೇಲಿಂದ ಅಡ್ಡಲಾಗಿ ತಂದು ಇನ್ನೊಂದು ಕೈಯಿಂದ ಮೆಲ್ಲಗೆ ಒತ್ತಿ ಹಿಡಿಯುವುದು. ಇವೆಲ್ಲವನ್ನೂ ವಿಡಿಯೊ ನೋಡಿ ಕಲಿಯುವುದಕ್ಕಿಂತ ಕ್ರೀಡಾ ಫಿಸಿಯೊಥೆರಪಿಯಲ್ಲಿ ಸ್ನಾತಕೋತ್ತರ ಓದಿದವರ ಬಳಿ ನಾಲ್ಕೈದು ಬಾರಿ ಹೋಗಿ ಕಲಿತು, ಮನೆಯಲ್ಲಿ ಮುಂದುವರಿಸುವುದು ಮೇಲು. ಬೆಂಗಳೂರಿನಲ್ಲಿ ಅಂಥವರಿಗೆ ಕೊರತೆಯಿಲ್ಲ. ನೋವಿನ ಮಾತ್ರೆಯನ್ನು ರಾತ್ರಿ ನಿದ್ದೆಗಾಗಿ ವೈದ್ಯರು ಕೊಟ್ಟರೆ ಸರಿ. ಆಡುವುದಕ್ಕಾಗಿ ನುಂಗುವುದು ತಪ್ಪು, ಏಕೆಂದರೆ ಅದು ನಿಲ್ಲು ಎನ್ನುವ ಸೂಚನೆಯನ್ನೇ ಅಳಿಸುತ್ತದೆ. ಈ ವಯಸ್ಸಿನ ರಜ್ಜುವಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಡುವುದನ್ನು ನಾನು ಒಪ್ಪುವುದಿಲ್ಲ.

ಆರು ವಾರಗಳ ನಂತರ ನೋವಿಲ್ಲದೆ ಪೂರ್ಣ ಚಲನೆ ಬಂದು, ಎರಡೂ ಕೈಗಳ ಬಲ ಹತ್ತಿರ ಹತ್ತಿರ ಸಮವಾದರೆ ಎಸೆತಕ್ಕೆ ಮರಳುವ ಕ್ರಮ ಆರಂಭ. ಮೊದಲು 9, ನಂತರ 14, 18, 27, ಕೊನೆಗೆ 36 ಮೀಟರ್. ದಿನ ಬಿಟ್ಟು ದಿನ, ಪ್ರತಿ ಬಾರಿ 50ರ ಆಸುಪಾಸು ಎಸೆತ, ಅರ್ಧ ಬಲದಿಂದ ಮೇಲಕ್ಕೆ. ಒಂದು ಹಂತವನ್ನು ನೋವಿಲ್ಲದೆ ಎರಡು ಬಾರಿ ಮುಗಿಸಿದರೆ ಮುಂದಿನದು. ಮರುದಿನ ಬೆಳಿಗ್ಗೆ ಕೀಲಿನಲ್ಲಿ ನೋವಿದ್ದರೆ ಒಂದು ಮೆಟ್ಟಿಲು ಹಿಂದಕ್ಕೆ. ದಿಬ್ಬದ ಮೇಲೆ ನಿಲ್ಲುವುದು ಇದೆಲ್ಲ ಮುಗಿದ ಮೇಲೆ. ಒಟ್ಟಿನಲ್ಲಿ ಪಂದ್ಯದಲ್ಲಿ ಪಿಚ್ ಮಾಡಲು ಇಂದಿನಿಂದ ಮೂರೂವರೆ ನಾಲ್ಕು ತಿಂಗಳು ಹಿಡಿಯುತ್ತದೆ. ಕಳೆದುಹೋದ ವೇಗವನ್ನು ಬೇಗ ತರಲು ಭಾರದ ಚೆಂಡುಗಳಿಂದ ಅಭ್ಯಾಸ ಮಾಡಿಸುವ ಹುಚ್ಚು ಈಗ ಅಂತರ್ಜಾಲದಿಂದ ನಮ್ಮ ಮೈದಾನಗಳಿಗೂ ಬಂದಿದೆ. 13 ರಿಂದ 18 ವರ್ಷದವರ ಮೇಲೆ ನಡೆಸಿ 2018ರಲ್ಲಿ ಪ್ರಕಟಿಸಿದ ಆರು ವಾರಗಳ ಪ್ರಯೋಗವೊಂದರಲ್ಲಿ ಅದರಿಂದ ವೇಗವೇನೋ ಸ್ವಲ್ಪ ಹೆಚ್ಚಿತು, ಆದರೆ ಭಾರದ ಚೆಂಡು ಎಸೆದವರಲ್ಲಿ ಶೇಕಡಾ 24 ಮಂದಿಗೆ ಮೊಣಕೈ ಗಾಯವಾಯಿತು. ಈ ವರ್ಷ ಅದರ ಹತ್ತಿರವೂ ಸುಳಿಯಬಾರದು.

ಶಸ್ತ್ರಚಿಕಿತ್ಸೆ ಎಂದೂ ಬೇಡವೆಂದು ನಾನು ಹೇಳುತ್ತಿಲ್ಲ. ರಜ್ಜು ಪೂರ್ತಿ ಕಡಿದಿದ್ದರೆ, ಭುಜ ಮತ್ತೆ ಮತ್ತೆ ಜಾರುತ್ತಿದ್ದರೆ, ಲೇಬ್ರಮ್ ಹರಿದು ಕೀಲು ಸಿಕ್ಕಿಕೊಳ್ಳುತ್ತಿದ್ದರೆ, ಅಥವಾ ಮೂರರಿಂದ ಆರು ತಿಂಗಳು ಶಿಸ್ತಾಗಿ ವ್ಯಾಯಾಮ ಮಾಡಿದರೂ ಎಸೆಯಲಾಗದಿದ್ದರೆ ಅದರ ಚರ್ಚೆ ಸರಿ. ಆದರೆ ಪಿಚರ್‌ಗಳ ವಿಷಯದಲ್ಲಿ ಭುಜ ಮೊಣಕೈಯಷ್ಟು ಉದಾರಿಯಲ್ಲ. 1974ರಲ್ಲಿ ಫ್ರಾಂಕ್ ಜೋಬ್ ಎಂಬ ಶಸ್ತ್ರವೈದ್ಯರು ಟಾಮಿ ಜಾನ್ ಎಂಬ ಪಿಚರ್‌ನ ಮೊಣಕೈಗೆ ಬೇರೆಡೆಯ ರಜ್ಜು ಕಸಿ ಮಾಡಿದ ಮೇಲೆ ಆ ಚಿಕಿತ್ಸೆ ಆಟಗಾರನ ಹೆಸರಿನಿಂದಲೇ ಪ್ರಸಿದ್ಧವಾಯಿತು, ಅಲ್ಲಿ ಹಳೆಯ ಮಟ್ಟಕ್ಕೆ ಮರಳುವವರೇ ಹೆಚ್ಚು. ಅದೇ ವೈದ್ಯರು 1990ರಲ್ಲಿ ಓರೆಲ್ ಹರ್ಶೈಸರ್ ಎಂಬ ಖ್ಯಾತ ಪಿಚರ್‌ನ ಭುಜವನ್ನು ಸರಿಪಡಿಸಿದರು, ಅವರು ಮರುವರ್ಷವೇ ಆಟಕ್ಕೆ ಮರಳಿದರು ಎಂಬುದು ನಿಜವಾದರೂ, ಭುಜದ ರಜ್ಜು ಮತ್ತು ಲೇಬ್ರಮ್ ಹೊಲಿಸಿಕೊಂಡ ಪಿಚರ್‌ಗಳಲ್ಲಿ ಹಿಂದಿನ ವೇಗ, ಹಿಂದಿನ ಹಿಡಿತ ಎರಡನ್ನೂ ಪಡೆದವರ ಪ್ರಮಾಣ ಮೊಣಕೈಯವರಿಗಿಂತ ಕಡಿಮೆಯೇ. ಹೊಲಿಗೆಯಿಂದ ಬಿಗಿಯಾದ ಭುಜ ಊಟ, ಬರವಣಿಗೆ, ಸ್ಕೂಟರ್ ಎಲ್ಲಕ್ಕೂ ಸರಿಹೋಗುತ್ತದೆ; ಕೈಯನ್ನು ಅಷ್ಟು ಹಿಂದಕ್ಕೆ ಮಲಗಿಸಲು ಮಾತ್ರ ಬಿಡುವುದಿಲ್ಲ.

ಕೆಲವು ಲಕ್ಷಣಗಳಿಗೆ ಮಾತ್ರ ಈ ಯಾವ ತಾಳ್ಮೆಯೂ ಸಲ್ಲದು. ಎಸೆತದ ನಂತರ ಇಡೀ ಕೈ ಊದಿ ನೀಲಿಗಟ್ಟಿದರೆ ಅಥವಾ ಬೆರಳುಗಳು ಬಿಳಿಚಿ ತಣ್ಣಗಾದರೆ ಅದು ಸ್ನಾಯುವಿನ ವಿಷಯವಲ್ಲ, ರಕ್ತನಾಳದ್ದು. ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಎಸೆಯುವಾಗ ಟಪ್ಪೆಂದು ಸದ್ದಾಗಿ ಕೈ ಎತ್ತಲಾಗದಿದ್ದರೆ, ಕಂಕುಳ ಹಿಂದೆ ಕಪ್ಪುಗಟ್ಟಿದರೆ, ಜ್ವರದೊಂದಿಗೆ ಭುಜ ನೋಯುತ್ತಿದ್ದರೆ, ಆಡದೇ ಇದ್ದಾಗಲೂ ರಾತ್ರಿಯ ನೋವು ಹೆಚ್ಚುತ್ತಲೇ ಹೋದರೆ ತಡಮಾಡಬೇಡಿ. ರೆಕ್ಕೆಮೂಳೆಯ ಮೇಲಿನ ಸ್ನಾಯು ಇನ್ನೊಂದು ಬದಿಗಿಂತ ಕುಸಿದು ಗುಳಿಬಿದ್ದಂತೆ ಕಂಡರೆ ನರ ಒತ್ತಿಕೊಂಡಿರಬಹುದು, ಅದನ್ನೂ ತೋರಿಸಿ.

ಇನ್ನು ಕ್ಯಾಚರ್ ಆಗಿ ಆಡುವ ಪ್ರಶ್ನೆ. ಬೇಡ. ಪಿಚರ್ ಎಸೆದ ಪ್ರತಿ ಚೆಂಡನ್ನೂ ಕ್ಯಾಚರ್ ಮರಳಿ ಅವನಿಗೆ ಎಸೆಯುತ್ತಾನೆ ಎಂಬುದನ್ನು ನೋಡುವವರು ಗಮನಿಸುವುದಿಲ್ಲ. ತಂಡದಲ್ಲಿ ಪಿಚರ್ ನಂತರ ಅತಿ ಹೆಚ್ಚು ಎಸೆಯುವವನು ಅವನೇ. ಅದರ ಮೇಲೆ, ಬ್ಯಾಟರ್ ಚೆಂಡು ಹೊಡೆಯುವುದಕ್ಕೂ ಕಾಯದೆ ಓಟಗಾರ ಮುಂದಿನ ಬೇಸ್‌ಗೆ ಕದ್ದು ಓಡಿದಾಗ, ಕುಕ್ಕರಗಾಲಿನಿಂದ ಎದ್ದು, ಕಾಲಿನ ಬಲ ಸೇರುವ ಮೊದಲೇ, 38.8 ಮೀಟರ್ ದೂರದ ಎರಡನೇ ಬೇಸ್‌ಗೆ ಶಕ್ತಿಯೆಲ್ಲ ಹಾಕಿ ಹೊಡೆಯಬೇಕು. ಪಿಚ್ ಸ್ಮಾರ್ಟ್ ಮಾರ್ಗಸೂಚಿಯೂ ಪಿಚರ್ ಆದವನು ಉಳಿದ ಸಮಯದಲ್ಲಿ ಕ್ಯಾಚರ್ ಆಗದಿರಲಿ ಎಂದೇ ಹೇಳುತ್ತದೆ. ಆದರೆ ಬೇಸ್‌ಬಾಲ್‌ನಲ್ಲಿ ಫೀಲ್ಡ್ ಮಾಡದೆ, ಪಿಚರ್‌ನ ಬದಲಿಗೆ ಬ್ಯಾಟ್ ಮಾತ್ರ ಹಿಡಿಯುವ ಆಟಗಾರನಿಗೂ ಅವಕಾಶವಿದೆ. ನಿಮ್ಮ ಪಂದ್ಯಾವಳಿಯ ನಿಯಮದಲ್ಲಿ ಅದು ಇದೆಯೇ ಎಂದು ತರಬೇತುದಾರರನ್ನು ವಿಚಾರಿಸಿ. ಬಲಗೈ ಬ್ಯಾಟರ್‌ಗೆ ಬೀಸಿನ ಹೆಚ್ಚಿನ ಎಳೆತ ಮುಂದಿರುವ ಎಡ ಭುಜದ ಮೇಲೆ ಬೀಳುವುದರಿಂದ, ಎಕ್ಸ್‌ರೇ ಸರಿಯಾಗಿದ್ದು, ದಿನನಿತ್ಯದ ಕೆಲಸದಲ್ಲಿ ನೋವು ಇಲ್ಲವಾದ ಮೇಲೆ ಫಿಸಿಯೊಥೆರಪಿಸ್ಟ್ ಒಪ್ಪಿದರೆ, ನಿಲ್ಲಿಸಿಟ್ಟ ಚೆಂಡನ್ನು ಹೊಡೆಯುವುದರಿಂದ ಅವನು ಬ್ಯಾಟಿಂಗ್ ಆರಂಭಿಸಬಹುದು. ಎರಡು ತಿಂಗಳ ಹೊತ್ತಿಗೆ ಆ ಸ್ಥಾನದಲ್ಲಿ ಆಡುವಷ್ಟು ಸಿದ್ಧನಾಗಬಹುದು. ಬೇಸ್ ತಲುಪುವ ಆತುರದಲ್ಲಿ ಕೈಚಾಚಿ ತಲೆ ಮುಂದಾಗಿ ಜಾರುವುದನ್ನು ಮಾತ್ರ ಅವನಿಗೆ ನಿಷೇಧಿಸಿ. ಕಾಲು ಮುಂದಿಟ್ಟೇ ಜಾರಲಿ.